ಒಬ್ಬರೋ, ಎಲ್ಲರೋ: ಮನೋವಿಜ್ಞಾನದ ಮುಗಿಯದ ವಾದ

ಎರಡು ಭಾಷೆ ಬಲ್ಲವರನ್ನು ಮುಪ್ಪಿನ ಮರೆವಿನ ರೋಗ ತಡವಾಗಿ ಹಿಡಿಯುತ್ತದೆ ಎನ್ನುವವರು ಇಂದು ತಪ್ಪದೆ ಮುಂದಿಡುವ ಪುರಾವೆ ಹೈದರಾಬಾದಿನದು. ಅಲ್ಲಿನ ನಿಮ್ಸ್ ಆಸ್ಪತ್ರೆಗೆ ಬಂದ 648 ಡಿಮೆನ್ಷಿಯಾ ರೋಗಿಗಳನ್ನು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಭ್ಯಾಸ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಆಡುವವರಲ್ಲಿ ರೋಗ ಸರಾಸರಿ 61.1ನೇ ವಯಸ್ಸಿಗೆ ಶುರುವಾಗಿತ್ತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ 65.6ಕ್ಕೆ. ನಾಲ್ಕೂವರೆ ವರ್ಷದ ಈ ಅಂತರ ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಉಳಿಯಿತು. ಮೂರನೆಯ, ನಾಲ್ಕನೆಯ ಭಾಷೆ ಕಲಿತದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಅದೇ ಹೈದರಾಬಾದಿನಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಒಂದೇ ಭಾಷೆಯ ಮನುಷ್ಯನನ್ನು ಹುಡುಕುವುದೇ ಕಷ್ಟ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ, ತಾಂಡಾಗಳಲ್ಲಿ ಲಂಬಾಣಿ, ಅಲ್ಲಲ್ಲಿ ಮರಾಠಿ. ಅಂಥ ಊರಿನ ಮಗನೊಬ್ಬ ಹೈದರಾಬಾದಿನ ಸುದ್ದಿ ಓದಿ, “ಹಂಗಾರ ನಮ್ಮ ಅವ್ವಗ ಈ ರೋಗ ತಡಾ ಮಾಡಿ ಬರ್ತದೇನ್ರಿ?” ಎಂದು ಡಾಕ್ಟರನ್ನು ಕೇಳಿದನೆನ್ನಿ. ಸಂಶೋಧನೆ ಹೇಳಿದ್ದು 648 ಜನರ ವಿಷಯ. ಮಗ ಕೇಳುತ್ತಿರುವುದು ಒಬ್ಬಳ ವಿಷಯ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಹಾದಿ ಇದೆಯೇ ಎಂಬುದರ ಮೇಲೆ ಮನೋವಿಜ್ಞಾನ ನೂರಕ್ಕೂ ಹೆಚ್ಚು ವರ್ಷಗಳಿಂದ ವಾದಿಸುತ್ತಿದೆ. ಮನುಷ್ಯವರ್ತನೆಯ ಸಾಮಾನ್ಯ ನಿಯಮಗಳನ್ನು ಹುಡುಕಬೇಕು ಎನ್ನುವವರು ಒಂದು ಕಡೆ, ವ್ಯಕ್ತಿಯನ್ನು ಆತನ ಇಡಿತನದಲ್ಲಿ ಅರಿಯಬೇಕು ಎನ್ನುವವರು ಇನ್ನೊಂದು ಕಡೆ. ಯಾವ ಪಕ್ಷ ಯಾವ ಪ್ರಶ್ನೆಗೆ ಉತ್ತರಿಸುತ್ತಿದೆ ಎಂಬುದನ್ನು ಬಿಡಿಸಿ ನೋಡದೆ ಇದರಲ್ಲಿ ತೀರ್ಪು ಕೊಡಲಾಗದು. ಹಾಗೆ ಬಿಡಿಸಿ ನೋಡಲು ಗಡಿನಾಡಿನಷ್ಟು ಒಳ್ಳೆಯ ಜಾಗ ಬೇರೆ ಸಿಗಲಾರದು.

ವಾದದ ಹುಟ್ಟು

ಸರಾಸರಿಗೆ ಮೊದಲು ಪಟ್ಟ ಕಟ್ಟಿದವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಖಗೋಳಶಾಸ್ತ್ರಜ್ಞರಾಗಿದ್ದ ಅವರು 1835ರ ತಮ್ಮ ಗ್ರಂಥದಲ್ಲಿ ಎತ್ತರ, ತೂಕ, ಅಪರಾಧ, ಮದುವೆ ಎಲ್ಲಕ್ಕೂ ಸರಾಸರಿ ತೆಗೆದು ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ವ್ಯಕ್ತಿಗಳಲ್ಲಿ ಕಾಣುವ ವ್ಯತ್ಯಾಸಗಳು ಅವರ ಕಣ್ಣಿಗೆ ಆ ಮಾದರಿಯಿಂದ ಆದ ಅಲುಗಾಟಗಳು ಮಾತ್ರ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್ಜಿಗ್‌ನಲ್ಲಿ ಪ್ರಯೋಗಶಾಲೆ ತೆರೆದಾಗ ಮನೋವಿಜ್ಞಾನ ಭೌತವಿಜ್ಞಾನದ ಸಾಲಿನಲ್ಲಿ ನಿಲ್ಲಲು ಹೊರಟಿತ್ತು.

ಎರಡು ದಾರಿಗಳಿಗೆ ಹೆಸರಿಟ್ಟವರು ತತ್ವಶಾಸ್ತ್ರಜ್ಞ ವಿಲ್ಹೆಲ್ಮ್ ವಿಂಡೆಲ್‌ಬಾಂಡ್. 1894ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಅವರು ನಿಯಮಗಳನ್ನು ಹುಡುಕುವ ಜ್ಞಾನವನ್ನು ನೊಮೊಥೆಟಿಕ್ ಎಂದೂ ಒಮ್ಮೆ ಮಾತ್ರ ನಡೆದದ್ದನ್ನು ವಿವರಿಸುವ ಜ್ಞಾನವನ್ನು ಇಡಿಯೋಗ್ರಾಫಿಕ್ ಎಂದೂ ಕರೆದರು. ಈ ಬರಹದ ಮಟ್ಟಿಗೆ ಅವನ್ನು ನಿಯಮಪಂಥ, ವ್ಯಕ್ತಿಪಂಥ ಎನ್ನೋಣ. ವಿಂಡೆಲ್‌ಬಾಂಡ್ ಮನಸ್ಸಿನಲ್ಲಿದ್ದದ್ದು ಇತಿಹಾಸದ ಮರ್ಯಾದೆ; ಮನೋವಿಜ್ಞಾನವನ್ನು ಅವರು ತಮ್ಮಷ್ಟಕ್ಕೆ ನಿಯಮಗಳ ಪಾಳೆಯಕ್ಕೇ ಸೇರಿಸಿದ್ದರು. ಅದೇ 1894ರಲ್ಲಿ ವಿಲ್ಹೆಲ್ಮ್ ಡಿಲ್ಟೈ ಇದಕ್ಕೆ ಭಿನ್ನವಾಗಿ, ನಿಸರ್ಗಕ್ಕೆ ಕಾರಣ ಕೊಡಬಹುದು, ಮನಸ್ಸನ್ನು ಒಳಹೊಕ್ಕು ಅರ್ಥಮಾಡಿಕೊಳ್ಳಬೇಕು ಎಂದು ವಾದಿಸಿದರು. ಅವರಿಗೆ ಖಾರವಾಗಿ ಉತ್ತರ ಕೊಟ್ಟವರು ನೆನಪಿನ ಸಂಶೋಧಕ ಹರ್ಮನ್ ಎಬಿಂಗ್‌ಹೌಸ್.

ಇಲ್ಲೊಂದು ಸ್ವಾರಸ್ಯವಿದೆ. ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಮರೆವಿನ ನಿಯಮ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ ಭರದಿಂದ, ಆಮೇಲೆ ನಿಧಾನವಾಗಿ ಜಾರುತ್ತದೆ ಎಂಬುದು, ಒಬ್ಬನೇ ಮನುಷ್ಯನ ಮೇಲಿನ ಪ್ರಯೋಗದಿಂದ ಬಂದದ್ದು. ಆ ಮನುಷ್ಯ ಸ್ವತಃ ಅವರೇ. 2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಮತ್ತೆ ಒಬ್ಬರೇ ವ್ಯಕ್ತಿಯನ್ನು ಕೂರಿಸಿ ಅದೇ ಪ್ರಯೋಗ ಮಾಡಿದಾಗ ರೇಖೆ ಹೆಚ್ಚುಕಡಿಮೆ ಹಾಗೆಯೇ ಬಂತು. ಒಬ್ಬರನ್ನು ಅಭ್ಯಾಸ ಮಾಡುವುದೆಂದರೆ ನಿಯಮಗಳಿಗೆ ಬೆನ್ನು ತಿರುಗಿಸುವುದು ಎಂಬ ತಿಳಿವಳಿಕೆ ಶುರುವಿನಲ್ಲೇ ಸುಳ್ಳಾಗಿತ್ತು. ಎಷ್ಟು ಜನರನ್ನು ನೋಡುತ್ತೇವೆ ಎಂಬುದು ಒಂದು ಪ್ರಶ್ನೆ, ಏನನ್ನು ತಿಳಿಯಬೇಕೆಂದಿದ್ದೇವೆ ಎಂಬುದು ಬೇರೆಯೇ ಪ್ರಶ್ನೆ. ಮುಂದಿನ ಎಷ್ಟೋ ಗೊಂದಲಗಳು ಈ ಎರಡನ್ನೂ ಒಂದೇ ಎಂದುಕೊಂಡದ್ದರ ಫಲ.

ಕನ್ನಡಕ್ಕೆ ಬಂದ ಅಳತೆಗೋಲು

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದವರೆಂದು ಕನ್ನಡಿಗರು ಅವರನ್ನು ನೆನೆಯುತ್ತಾರೆ. ಅವರು ಲಂಡನ್ನಿನಲ್ಲಿ ಕಲಿತದ್ದು ಚಾರ್ಲ್ಸ್ ಸ್ಪಿಯರ್‌ಮನ್ ಬಳಿ. ಎಲ್ಲ ಬೌದ್ಧಿಕ ಕೆಲಸಗಳ ಹಿಂದೆ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ವಾದಿಸಿದ ಸ್ಪಿಯರ್‌ಮನ್ ನಿಯಮಪಂಥದ ದೊಡ್ಡ ಹೆಸರು. ಹೀಗಾಗಿ ಕನ್ನಡನಾಡಿಗೆ ಆಧುನಿಕ ಮನೋವಿಜ್ಞಾನ ಕಾಲಿಟ್ಟದ್ದು ಅಳತೆಯ ಬಾಗಿಲಿನಿಂದ.

ಅದೇ ಕಾಲದಲ್ಲಿ ಮುಂಬಯಿ ಪ್ರಾಂತದಲ್ಲಿ ವಿ.ವಿ. ಕಾಮತ್ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಅದರ ವರದಿ ಬಂತು, 1940ರಲ್ಲಿ ಪುಸ್ತಕ. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು. ಮೂಲ ಪರೀಕ್ಷೆಯ ಕರ್ತೃ ಆಲ್‌ಫ್ರೆಡ್ ಬಿನೆ ಎರಡೂ ಪಂಥಗಳಿಗೆ ಸೇರಿದವರು. 1905ರಲ್ಲಿ ಶಾಲೆಯ ಮಕ್ಕಳಿಗೆಲ್ಲ ಅನ್ವಯಿಸುವ ಅಳತೆಗೋಲು ಕೊಡುವ ಎರಡು ವರ್ಷ ಮೊದಲು ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳ ಆಲೋಚನೆಯ ಶೈಲಿ ಹೇಗೆ ಬೇರೆಬೇರೆ ಎಂಬುದರ ಬಗ್ಗೆ ಇಡೀ ಪುಸ್ತಕ ಬರೆದಿದ್ದರು. ಜಗತ್ತು ಅಳತೆಗೋಲನ್ನು ಎತ್ತಿಕೊಂಡಿತು, ಹೆಣ್ಣುಮಕ್ಕಳ ಪುಸ್ತಕವನ್ನು ಮರೆಯಿತು.

ಕಾಮತ್ ತಮ್ಮ ಕೆಲಸ ಮಾಡುವ ಹೊತ್ತಿಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ನಿಜಾಮರ ರಾಜ್ಯದಲ್ಲಿದ್ದವು. ಆಡಳಿತದ ಭಾಷೆ ಉರ್ದು. ಮುಂಬಯಿ ಪ್ರಾಂತದ ಕನ್ನಡ ಮಗುವಿನ ಸರಾಸರಿ ಇಲ್ಲಿನ ಕನ್ನಡ ಮಗುವಿಗೂ ಸರಾಸರಿಯೇ ಎಂಬ ಪ್ರಶ್ನೆ ಅಂದೇ ಇತ್ತು, ಕೇಳುವವರು ಇರಲಿಲ್ಲ.

ನಿಯಮಪಂಥ ಏನನ್ನು ವಿವರಿಸುತ್ತದೆ

ನಿಯಮಪಂಥದ ಬಲ ಹೋಲಿಕೆಯಲ್ಲಿದೆ. ಒಬ್ಬ ರೋಗಿಯನ್ನು ಹತ್ತು ವರ್ಷ ನೋಡಿದ ವೈದ್ಯರಿಗೂ, ಆತ ಇನ್ನೊಂದು ಭಾಷೆ ಕಲಿಯದೆ ಇದ್ದಿದ್ದರೆ ರೋಗ ಎಂದು ಬರುತ್ತಿತ್ತು ಎಂಬುದು ತಿಳಿಯದು. ಗುಂಪುಗಳನ್ನು ಎದುರುಬದುರು ನಿಲ್ಲಿಸಿದಾಗ ಮಾತ್ರ ಅಂಥ ಪ್ರಶ್ನೆ ಕೇಳಲು ಬರುತ್ತದೆ. ಪಾರ್ಶ್ವವಾಯು ಹೊಡೆದ 608 ಜನರ ಮೇಲೆ ನಿಮ್ಸ್‌ನಲ್ಲೇ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಭಾಷೆಯವರ ಪೈಕಿ ಶೇ. 40.5 ಜನರ ಬೌದ್ಧಿಕ ಶಕ್ತಿ ಸಹಜವಾಗಿ ಉಳಿದಿತ್ತು. ಒಂದು ಭಾಷೆಯವರಲ್ಲಿ ಶೇ. 19.6 ಮಾತ್ರ. ಇದು ಯಾವ ಒಬ್ಬ ರೋಗಿಯ ಹಾಸಿಗೆಯ ಪಕ್ಕ ಕುಳಿತರೂ ಕಾಣದ ಸಂಗತಿ.

ಇನ್ನೊಂದು ಬಲ ಮುನ್ನೋಟದ್ದು. 1954ರಲ್ಲಿ ಅಮೆರಿಕದ ಪಾಲ್ ಮೀಲ್, ಅನುಭವಿ ಮನೋವೈದ್ಯರ ಅಂದಾಜಿಗೂ ಸರಳ ಅಂಕಿಅಂಶದ ಸೂತ್ರಕ್ಕೂ ಪಂದ್ಯ ಕಟ್ಟಿದಂಥ ಅಧ್ಯಯನಗಳನ್ನು ಒಟ್ಟುಮಾಡಿದರು. ಸೂತ್ರವೇ ಮೇಲಾಯಿತು, ಇಲ್ಲವೇ ಸಮಸಮ ಬಂತು. 2000ದಲ್ಲಿ 136 ಅಧ್ಯಯನಗಳ ಮರುವಿಮರ್ಶೆಯಲ್ಲೂ ಸೂತ್ರಗಳು ಸರಾಸರಿ ಶೇ. 10ರಷ್ಟು ಹೆಚ್ಚು ನಿಖರ ಎಂದು ಕಂಡಿತು. ‘ನನಗೆ ಈ ರೋಗಿ ಗೊತ್ತು’ ಎಂಬ ಆತ್ಮವಿಶ್ವಾಸ ಅನೇಕ ಸಲ ದಾರಿತಪ್ಪಿಸುತ್ತದೆ ಎಂಬುದು ವ್ಯಕ್ತಿಪಂಥಕ್ಕೆ ಬಿದ್ದ ದೊಡ್ಡ ಪೆಟ್ಟು. ಆದರೆ ಮೀಲ್ ಒಂದು ಕಿಂಡಿ ತೆರೆದಿಟ್ಟಿದ್ದರು. ಪ್ರತಿ ವಾರ ಸಿನಿಮಾಕ್ಕೆ ಹೋಗುವ ಪ್ರೊಫೆಸರ್ ಈ ವಾರವೂ ಹೋಗುತ್ತಾನೆ ಎಂದು ಸೂತ್ರ ಹೇಳಬಹುದು. ಆತನ ಕಾಲು ಮುರಿದದ್ದು ನಮಗೆ ಗೊತ್ತಿದ್ದರೆ ಸೂತ್ರವನ್ನು ಬದಿಗಿಡಬೇಕು. ಕಷ್ಟವೆಂದರೆ, ಯಾವ ವಿಶೇಷ ಸಂಗತಿ ಮುರಿದ ಕಾಲಿಗೆ ಸಮ, ಯಾವುದು ನಮ್ಮ ಭ್ರಮೆ ಎಂದು ಹೇಳುವ ಸೂತ್ರವಿಲ್ಲ.

ನಿಯಮಪಂಥ ತನ್ನದೇ ಅಂಗಳದಲ್ಲೂ ಮುಗ್ಗರಿಸಿದೆ. 2015ರಲ್ಲಿ ನೂರು ಪ್ರಕಟಿತ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ, ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿಯಾದ ಫಲಿತಾಂಶ ಮತ್ತೆ ಕೊಟ್ಟವು ಶೇ. 36 ಮಾತ್ರ, ಮೂಲದಲ್ಲಿ ಅದು ಶೇ. 97 ಇತ್ತು. ದ್ವಿಭಾಷೆಯ ವಿಷಯದಲ್ಲೂ ಹಾಗೇ. ಆಸ್ಪತ್ರೆಗೆ ಬಂದ ರೋಗಿಗಳ ಹಿಂದಿನ ಬದುಕನ್ನು ಕೇಳಿ ಮಾಡಿದ ಅಧ್ಯಯನಗಳಲ್ಲಿ ಕಾಣುವ ಅಂತರ, ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಬಹುಪಾಲು ಕಾಣಿಸಿಲ್ಲ.

ವ್ಯಕ್ತಿಪಂಥ ಏನನ್ನು ತೋರಿಸುತ್ತದೆ

ವಿಂಡೆಲ್‌ಬಾಂಡರ ಮಾತುಗಳನ್ನು ಮನೋವಿಜ್ಞಾನದ ನಡುಮನೆಗೆ ತಂದವರು ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್. ವ್ಯಕ್ತಿತ್ವದ ಬಗ್ಗೆ 1937ರಲ್ಲಿ ಬರೆದ ಗ್ರಂಥದಲ್ಲಿ ಅವರು, ಎಲ್ಲರಿಗೂ ಒಂದೇ ಗುಣಗಳ ಪಟ್ಟಿ ಹಿಡಿದು ಅಂಕ ಹಾಕುವುದರಿಂದ ಒಬ್ಬನ ಒಳಗೆ ಆ ಗುಣಗಳು ಹೇಗೆ ಹೆಣೆದುಕೊಂಡಿವೆ ಎಂಬುದು ತಿಳಿಯದು ಎಂದರು. 1965ರಲ್ಲಿ ಅವರು ಪ್ರಕಟಿಸಿದ ‘ಜೆನ್ನಿ’ ಎಂಬ ತಾಯಿಯ ಪತ್ರಗಳ ಅಧ್ಯಯನ ಈ ಪಂಥದ ಪ್ರಸಿದ್ಧ ಮಾದರಿ. 301 ಪತ್ರಗಳನ್ನು ಓದಿದ 36 ಮಂದಿ ಆಕೆಯನ್ನು 198 ಗುಣವಾಚಕಗಳಲ್ಲಿ ಬಣ್ಣಿಸಿದರು. ಆಲ್‌ಪೋರ್ಟ್ ಅವನ್ನು ಎಂಟು ಮುಖ್ಯ ಗುಣಗಳಿಗೆ ಇಳಿಸಿದರು. ಅವೇ ಪತ್ರಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದಾಗಲೂ ಹೆಚ್ಚುಕಡಿಮೆ ಅದೇ ಚಿತ್ರ ಮೂಡಿತು. ಒಬ್ಬರ ಅಧ್ಯಯನಕ್ಕೂ ಶಿಸ್ತು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿಯಾಯಿತು. ವಿರೋಧಿಗಳ ಪ್ರಶ್ನೆ ಮಾತ್ರ ಉಳಿಯಿತು: ಜೆನ್ನಿಯನ್ನು ಅರಿತ ಮೇಲೆ ಇನ್ನೊಬ್ಬ ತಾಯಿಯ ಬಗ್ಗೆ ಏನು ತಿಳಿಯಿತು?

ಇದಕ್ಕೆ ಉತ್ತರ ನರವಿಜ್ಞಾನದಿಂದ ಬಂತು. 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆನ್ರಿ ಮೊಲೈಸನ್ ಹೊಸದೇನನ್ನೂ ನೆನಪಿಡಲಾರದ ಸ್ಥಿತಿಗೆ ಬಂದರು. ಆದರೆ ಕನ್ನಡಿ ನೋಡಿ ಚಿತ್ರದ ಗೆರೆ ಎಳೆಯುವ ಕೌಶಲವನ್ನು ಅವರ ಕೈ ಕಲಿಯಿತು. ಕಲಿತದ್ದು ಅವರಿಗೆ ನೆನಪಿರಲಿಲ್ಲ. ನೆನಪು ಎಂಬುದು ಒಂದೇ ವಸ್ತುವಲ್ಲ ಎಂಬ ನಿಯಮ ಗಟ್ಟಿಯಾದದ್ದು ಬ್ರೆಂಡಾ ಮಿಲ್ನರ್ ಈ ಒಬ್ಬರ ಮೇಲೆ ನಡೆಸಿದ ಕೆಲಸದಿಂದ. ಯಾವ ಸರಾಸರಿಯೂ ಅದನ್ನು ತೋರಿಸುತ್ತಿರಲಿಲ್ಲ.

ಕರ್ನಾಟಕದ ಇಬ್ಬರು ಈ ಕತೆಯಲ್ಲಿ ಬರುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಹೇಳಿದ್ದರು. 1988ರಲ್ಲಿ ಅವರನ್ನು ಪರೀಕ್ಷಿಸಿದವರು ಆರ್ಥರ್ ಜೆನ್ಸನ್. ಸಾಮಾನ್ಯ ಬುದ್ಧಿಶಕ್ತಿಯ ಕಟ್ಟಾ ಪ್ರತಿಪಾದಕ, ಗುಂಪಿನ ಅಂಕಿಅಂಶಗಳಲ್ಲೇ ಬಾಳಿದ ವಿದ್ವಾಂಸ. ಮಿಂಚಿನಂಥ ಲೆಕ್ಕಕ್ಕೆ ಮಿಂಚಿನಂಥ ನರವೇಗ ಇರಬೇಕೆಂದು ಅವರ ಸಿದ್ಧಾಂತ ನಿರೀಕ್ಷಿಸುತ್ತಿತ್ತು. ಸರಳ ಪ್ರತಿಕ್ರಿಯೆಯ ಪರೀಕ್ಷೆಗಳಲ್ಲಿ ಶಕುಂತಲಾದೇವಿಯ ವೇಗ ಅಸಾಧಾರಣವಾಗಿರಲಿಲ್ಲ. ಆ ಫಲಿತಾಂಶವನ್ನು ಜೆನ್ಸನ್ 1990ರಲ್ಲಿ ತಾವೇ ಪ್ರಕಟಿಸಿದರು.

ಇನ್ನೊಬ್ಬರು ಮಂಗಳೂರಿನಲ್ಲಿ ಬೆಳೆದ ರಾಜನ್ ಮಹಾದೇವನ್. 1981ರಲ್ಲಿ ಪೈ ಸಂಖ್ಯೆಯ 31,811 ಅಂಕಿಗಳನ್ನು ಬಾಯಿಪಾಠ ಒಪ್ಪಿಸಿ ಗಿನ್ನೆಸ್ ದಾಖಲೆ ಬರೆದವರು. ಮನುಷ್ಯ ಒಂದೇ ಸಲಕ್ಕೆ ಹಿಡಿದಿಡಬಲ್ಲದ್ದು ಸುಮಾರು ಏಳು ಅಂಶ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದರು. ರಾಜನ್ ಆ ನಿಯಮಕ್ಕೆ ಅಪವಾದವೇ? ಅಮೆರಿಕದ ಕಾನ್ಸಸ್‌ನಲ್ಲಿ ಚಾರ್ಲ್ಸ್ ಥಾಮ್ಸನ್ ತಂಡ ವರ್ಷಗಟ್ಟಲೆ ಅವರನ್ನು ಪರೀಕ್ಷಿಸಿ 1993ರಲ್ಲಿ ಪುಸ್ತಕ ಬರೆಯಿತು. ಅಂಕಿಗಳ ಮಟ್ಟಿಗೆ ರಾಜನ್‌ರ ಮೂಲಶಕ್ತಿಯೇ ಮೇಲ್ಮಟ್ಟದ್ದು ಎಂಬುದು ಆ ತಂಡದ ಒಲವು. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಒಪ್ಪಲಿಲ್ಲ. ಅಂಕಿಗಳ ಬದಲು ಪರಿಚಯವಿಲ್ಲದ ಚಿಹ್ನೆಗಳನ್ನು ಕೊಟ್ಟಾಗ ರಾಜನ್ ಹಿಡಿದದ್ದು ಎಲ್ಲರಂತೆ ಆರರ ಆಸುಪಾಸು. ಅಂದಮೇಲೆ ಅದು ಅಂಕಿಗಳ ಜೊತೆಗಿನ ದೀರ್ಘ ಒಡನಾಟದಿಂದ ಬಂದ ಕೌಶಲ ಎಂದು 2004ರ ಪ್ರಬಂಧ ವಾದಿಸಿತು. ಆ ಪ್ರಬಂಧದ ಲೇಖಕರಲ್ಲಿ ರಾಜನ್ ಕೂಡ ಒಬ್ಬರು. ವ್ಯಕ್ತಿಯ ಅಧ್ಯಯನ ಹೇಗೆ ನಿಯಮಕ್ಕೆ ಸವಾಲಾಗಬಲ್ಲದೋ ಹಾಗೆಯೇ ನಿಯಮ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಎಲ್ಲೆಯನ್ನೂ ಗುರುತಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಬೇಕಿಲ್ಲ.

ಸಂದರ್ಭಪಂಥ: ನಡುವಿನ ಮೂರನೆಯ ದಾರಿ

ಮನೋವಿಜ್ಞಾನಿ ಲೀ ಕ್ರಾನ್‌ಬಾಕ್ 1957ರಲ್ಲಿ ಮನೋವಿಜ್ಞಾನ ಎರಡು ಮನೆಗಳಾಗಿ ಒಡೆದಿದೆ ಎಂದು ಎಚ್ಚರಿಸಿದರು: ಎಲ್ಲರಲ್ಲಿ ಸಮಾನವಾದದ್ದನ್ನು ಹುಡುಕುವ ಪ್ರಯೋಗದವರ ಮನೆ, ವ್ಯತ್ಯಾಸಗಳನ್ನು ಅಳೆಯುವವರ ಮನೆ. ಎರಡನ್ನೂ ಕೂಡಿಸಿ, ಯಾವ ಬಗೆಯ ಮನುಷ್ಯನಿಗೆ ಯಾವ ಬಗೆಯ ಕಲಿಕೆ ಒಗ್ಗುತ್ತದೆ ಎಂದು ಹುಡುಕೋಣ ಎಂಬುದು ಅವರ ಯೋಜನೆ. 1975ರ ಹೊತ್ತಿಗೆ ಅವರಿಗೇ ಅನುಮಾನ ಬಂತು. ವ್ಯಕ್ತಿ ಮತ್ತು ಸನ್ನಿವೇಶದ ಒಂದು ಕೂಡುಫಲದ ಮೇಲೆ ಇನ್ನೊಂದು ಕೂಡುಫಲ ಪ್ರಭಾವ ಬೀರುತ್ತ, ಕಾಲ ಕಳೆದಂತೆ ನಿಯಮಗಳೂ ಸವೆಯುತ್ತಿದ್ದವು.

ಸಂದರ್ಭವೇ ಮುಖ್ಯ ಎಂಬ ಮಾತಿಗೆ ನಮ್ಮ ಕಡೆಯ ಗಟ್ಟಿ ಧ್ವನಿ ಎ.ಕೆ. ರಾಮಾನುಜನ್. ಮೈಸೂರಿನ ಅವರ ಮನೆಯಲ್ಲಿ ಕೆಳಗೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷು, ಬೀದಿಯಲ್ಲಿ ಕನ್ನಡ. ತಂದೆ ಗಣಿತದ ಪ್ರಾಧ್ಯಾಪಕರು, ಜೊತೆಗೆ ಜ್ಯೋತಿಷ್ಯ ಬಲ್ಲವರು. ಇವೆರಡೂ ಹೇಗೆ ಒಂದೇ ತಲೆಯಲ್ಲಿ ಹೊಂದುತ್ತವೆ ಎಂಬುದೇ ಭಾರತೀಯ ಆಲೋಚನೆಯ ರೀತಿಯ ಬಗ್ಗೆ ಅವರು 1989ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಪ್ರೇರಣೆ. ಸಂದರ್ಭವನ್ನು ಬಿಟ್ಟು ನಿಲ್ಲುವ ನಿಯಮವನ್ನು ಪಶ್ಚಿಮ ಆದರ್ಶವೆಂದುಕೊಂಡರೆ, ಯಾರು, ಎಲ್ಲಿ, ಯಾವಾಗ ಎಂದು ಕೇಳಿಯೇ ಮುಂದುವರಿಯುವ ನಿಯಮದತ್ತ ಭಾರತೀಯರ ಒಲವು ಎಂದು ಅವರು ವಾದಿಸಿದರು. ಇಲ್ಲೂ ನಿಯಮವಿದೆ, ಆದರೆ ಷರತ್ತುಗಳೊಡನೆ.

ಷರತ್ತುಗಳನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದರು. ಪ್ರಮುಖ ಪತ್ರಿಕೆಗಳ ಮನೋವಿಜ್ಞಾನದ ಪ್ರಯೋಗಗಳಲ್ಲಿ ಪಾಲ್ಗೊಂಡವರಲ್ಲಿ ಶೇ. 96 ಜನ, ಪ್ರಪಂಚದ ಜನಸಂಖ್ಯೆಯ ಶೇ. 12 ಮಾತ್ರ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ನಮ್ಮಲ್ಲಿ ಇದಕ್ಕೆ ಮುಂಚೆಯೇ ಅಜಿತ್ ಮೊಹಾಂತಿ ಒಡಿಶಾದ ಕಂಧ ಬುಡಕಟ್ಟಿನ ಮಕ್ಕಳನ್ನು ಅಭ್ಯಾಸ ಮಾಡಿದ್ದರು. ಅದೇ ಬುಡಕಟ್ಟಿನೊಳಗೆ ಕುಯಿ, ಒಡಿಯಾ ಎರಡನ್ನೂ ಆಡುವ ಮಕ್ಕಳು, ಒಡಿಯಾ ಮಾತ್ರ ಉಳಿದ ಮಕ್ಕಳಿಗಿಂತ ಭಾಷೆಯ ಬಗ್ಗೆ ಯೋಚಿಸುವ ಪರೀಕ್ಷೆಗಳಲ್ಲಿ ಮುಂದಿದ್ದರು. ಆ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ. ಒಂದೇ ಸಮುದಾಯದೊಳಗೆ ಹೋಲಿಸಿದ್ದರಿಂದ ಜಾತಿ, ಬಡತನ, ಪರಿಸರಗಳ ಗೋಜಲು ಕಡಿಮೆಯಾಯಿತು. ಸಂದರ್ಭಪಂಥದ ದೌರ್ಬಲ್ಯವೂ ಇಲ್ಲೇ ಇದೆ: ಷರತ್ತುಗಳನ್ನು ಸೇರಿಸುತ್ತ ಹೋದರೆ ಕೊನೆಗೆ ಪ್ರತಿ ಗುಂಪಿನಲ್ಲೂ ಒಬ್ಬರೇ ಉಳಿಯುತ್ತಾರೆ.

ಗಣಿತದಿಂದ ಬಂದ ಆಕ್ಷೇಪ

2004ರಲ್ಲಿ ಮನೋವಿಜ್ಞಾನಿ ಪೀಟರ್ ಮೊಲೆನಾರ್ ಹಳೆಯ ಜಗಳಕ್ಕೆ ಹೊಸ ಹರಿತ ತಂದರು. ಜನರ ನಡುವೆ ಕಾಣುವ ಸಂಬಂಧ ಒಬ್ಬನೊಳಗೆ ಕಾಲದಿಂದ ಕಾಲಕ್ಕೆ ಕಾಣುವ ಸಂಬಂಧವೇ ಆಗಬೇಕಾದರೆ ಕೆಲವು ಕಟ್ಟುನಿಟ್ಟಾದ ಗಣಿತದ ಷರತ್ತುಗಳು ಪೂರೈಸಬೇಕು: ಎಲ್ಲರಲ್ಲೂ ಒಂದೇ ಪ್ರಕ್ರಿಯೆ ನಡೆಯುತ್ತಿರಬೇಕು, ಅದು ಕಾಲದೊಡನೆ ಬದಲಾಗಬಾರದು. ಬೆಳೆಯುವ, ಕಲಿಯುವ, ಮುಪ್ಪಾಗುವ ಮನುಷ್ಯರಲ್ಲಿ ಇವು ಪೂರೈಸುವುದು ಅಪರೂಪ ಎಂಬುದು ಅವರ ವಾದ.

ತಾಂಡೂರಿನ ಕಲ್ಲು ಪಾಲಿಶ್ ಘಟಕಗಳನ್ನು ಕಣ್ಣಮುಂದೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ನುರಿತ ಕೆಲಸಗಾರ ದಿನಕ್ಕೆ ಹೆಚ್ಚು ಹಾಸುಕಲ್ಲು ಕತ್ತರಿಸುತ್ತಾನೆ, ಒಡೆಯುವುದೂ ಕಡಿಮೆ. ಹೊಸಬ ನಿಧಾನ, ಒಡೆಯುವುದೂ ಹೆಚ್ಚು. ಘಟಕದ ಎಲ್ಲರ ಲೆಕ್ಕ ಹಾಕಿದರೆ ‘ವೇಗ ಹೆಚ್ಚಿದಷ್ಟೂ ನಷ್ಟ ಕಡಿಮೆ’ ಎಂಬ ನಿಯಮ ಸಿಗುತ್ತದೆ. ಅದನ್ನು ನಂಬಿ ಮೇಸ್ತ್ರಿ ಒಬ್ಬ ಕೆಲಸಗಾರನಿಗೆ ಕೈ ಬೇಗ ಆಡಿಸು ಎಂದರೆ ಆತನ ಕೈಯಲ್ಲಿ ಹೆಚ್ಚು ಕಲ್ಲು ಒಡೆಯುತ್ತವೆ. ಎರಡೂ ಮಾತು ನಿಜ, ದಿಕ್ಕು ಮಾತ್ರ ಉಲ್ಟಾ.

ಆರನ್ ಫಿಶರ್ ಮತ್ತು ಸಂಗಡಿಗರು 2018ರಲ್ಲಿ, ಒಬ್ಬೊಬ್ಬರಿಂದಲೂ ಪದೇ ಪದೇ ಅಳತೆ ತೆಗೆದ ದತ್ತಾಂಶಗಳಲ್ಲಿ ಇದನ್ನು ಪರೀಕ್ಷಿಸಿದರು. ಸರಾಸರಿಗಳು ಸುಮಾರಾಗಿ ಹೊಂದಿದರೂ ವ್ಯಕ್ತಿಯೊಳಗಿನ ಏರಿಳಿತ ಗುಂಪಿನ ಏರಿಳಿತಕ್ಕಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚಿತ್ತು. ಇದಕ್ಕೆ ಪ್ರತಿಯಾಗಿ, ಮೊದಲು ಒಬ್ಬೊಬ್ಬರ ಮಾದರಿ ಕಟ್ಟಿ ಆಮೇಲೆ ಅವುಗಳಲ್ಲಿ ಸಮಾನವಾದದ್ದನ್ನು ಹುಡುಕುವ ವಿಧಾನಗಳು ಬಂದಿವೆ. ದಿನಕ್ಕೆ ಹಲವು ಸಲ ಪ್ರಶ್ನೆ ಕೇಳುವ ಮೊಬೈಲ್ ಫೋನು ಅವಕ್ಕೆ ಬೇಕಾದ ದತ್ತಾಂಶ ಕೊಡುತ್ತದೆ.

ಗಡಿಯಲ್ಲಿ ನಿಂತ ಪ್ರಶ್ನೆ

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳೂ ನ್ಯಾಲಕಲ್ ವೃತ್ತವೂ ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಹಾಕುವಾಗ ಲೆಕ್ಕಕ್ಕೆ ಬಂದದ್ದು ತಾಲ್ಲೂಕು, ವೃತ್ತಗಳು, ಮನೆಯಲ್ಲ. ಇಂದು ಜಹೀರಾಬಾದ್, ನಾರಾಯಣಖೇಡ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ.

ಇಲ್ಲಿನ ಕನ್ನಡದ ಮನೆಯಿಂದ ತೆಲುಗು ಶಾಲೆಗೆ ಹೋಗುವ ಮಗುವೊಂದು ಓದಿನಲ್ಲಿ ಹಿಂದುಳಿಯಿತೆನ್ನಿ. ಬುದ್ಧಿಶಕ್ತಿ ಪರೀಕ್ಷೆಯ ಅಂಕವನ್ನು ಯಾವ ಸರಾಸರಿಗೆ ಹೋಲಿಸಬೇಕು? ಕನ್ನಡ ಮಕ್ಕಳದೇ, ತೆಲುಗು ಮಕ್ಕಳದೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಶೇ. 40 ಎಂಬ ಗೆರೆ ಮುಟ್ಟಿದರೆ ಕೆಲವು ಸೌಲಭ್ಯಗಳು, ಮುಟ್ಟದಿದ್ದರೆ ಅವು ಇಲ್ಲ. ಮಗುವಿಗೆ ಗೊತ್ತಿಲ್ಲದ್ದು ಉತ್ತರವೋ, ಪರೀಕ್ಷೆಯ ಭಾಷೆಯೋ ಎಂದು ಬೇರ್ಪಡಿಸಲು ಆ ಮಗುವಿನ ಪಕ್ಕ ಕೂರಬೇಕು, ಮನೆಯ ಮಾತು ಕೇಳಬೇಕು, ತಾಯಿಯನ್ನು ವಿಚಾರಿಸಬೇಕು. ಪ್ರಮಾಣಪತ್ರಕ್ಕೆ ಮಾತ್ರ ಒಂದು ಸಂಖ್ಯೆ ಸಾಕು.

ಹಿರಿಯರಿಗೂ ಇದೇ ಪಾಡು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಡಿಮೆನ್ಷಿಯಾ ಪತ್ತೆಗಾಗಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ ಪರೀಕ್ಷೆಗಳ ಕಟ್ಟು ಸಿದ್ಧಪಡಿಸಿದೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಜಹೀರಾಬಾದಿನ ಹಿರಿಯಳಿಗೆ ಯಾವುದನ್ನು ಕೊಡುವುದು? ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿ ಎಂದಾಗ ಆಕೆ ಒಂದೇ ಪ್ರಾಣಿಯನ್ನು ಮೂರು ಭಾಷೆಯಲ್ಲಿ ಹೇಳಿದರೆ ಅಂಕ ಒಂದೋ, ಮೂರೋ? 1866ರಲ್ಲೇ ತರ್ಕಶಾಸ್ತ್ರಜ್ಞ ಜಾನ್ ವೆನ್ ಈ ತೊಡಕನ್ನು ಗುರುತಿಸಿದ್ದರು. ಪ್ರತಿಯೊಬ್ಬರೂ ಏಕಕಾಲಕ್ಕೆ ಹಲವು ಗುಂಪುಗಳ ಸದಸ್ಯರು. ಗುಂಪು ಬದಲಾದರೆ ಸಂಭವನೀಯತೆಯೂ ಬದಲಾಗುತ್ತದೆ. ಬೆಂಗಳೂರಿನ ಏಕಭಾಷಿಕ ಮಧ್ಯಮವರ್ಗದವರ ವಿಷಯದಲ್ಲಿ ಈ ತೊಡಕು ಮರೆಯಲ್ಲಿರುತ್ತದೆ, ಏಕೆಂದರೆ ಅವರಂಥವರ ಸರಾಸರಿ ಹೇಗೂ ಸಿದ್ಧವಿದೆ. ಗಡಿಯವರಿಗೆ ಸಿದ್ಧವಾದ ಗುಂಪಿಲ್ಲ. ಹೀಗಾಗಿ ಒಬ್ಬರೋ ಎಲ್ಲರೋ ಎಂಬ ವಾದ ಇಲ್ಲಿಗೆ ಬಂದಾಗ, ಯಾರ ‘ಎಲ್ಲರು’ ಎಂಬ ಪ್ರಶ್ನೆಯಾಗಿ ತಿರುಗುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಇಷ್ಟು ದೂರ ಬಂದ ಮೇಲೆ ಕೆಲವು ಸಂಗತಿಗಳಲ್ಲಿ ಜಗಳ ಹೆಚ್ಚುಕಡಿಮೆ ತೀರಿದೆ. ನೀತಿ ರೂಪಿಸುವ ಸರಕಾರಕ್ಕೆ ಸರಾಸರಿ ಬೇಕು. ಎರಡು ಭಾಷೆಯ ಶಿಕ್ಷಣದಿಂದ ಜನತೆಗೆ ಒಟ್ಟಾರೆ ಲಾಭವೇ ಎಂಬುದಕ್ಕೆ ಒಬ್ಬರ ಜೀವನಚರಿತ್ರೆ ಉತ್ತರ ಕೊಡದು. ಚಿಕಿತ್ಸೆ ಕೊಡುವ ವೈದ್ಯರು ಸರಾಸರಿಯಿಂದ ಶುರುಮಾಡಬಹುದು, ಅಲ್ಲೇ ನಿಲ್ಲುವಂತಿಲ್ಲ. ತನ್ನ ಅವ್ವನ ಬಗ್ಗೆ ಕೇಳಿದ ಮಗನಿಗೆ ಡಾಕ್ಟರು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಆಕೆಯಂಥವರ ಗುಂಪಿನಲ್ಲಿ ರೋಗ ತಡವಾಗಿ ಕಂಡಿದೆ, ಆದರೆ ಎರಡೂ ಗುಂಪುಗಳಲ್ಲಿ ಬೇಗ ಮರೆತವರೂ ತಡವಾಗಿ ಮರೆತವರೂ ಇದ್ದಾರೆ.

ತೀರದೆ ಉಳಿದವು ನಾಲ್ಕು. ಮೊದಲನೆಯದು, ಒಂದು ಸರಾಸರಿ ನಿಯಮ ಎಷ್ಟು ಜನರೊಳಗೆ ನಿಜಕ್ಕೂ ನಡೆಯುತ್ತಿದೆ ಎಂದು ಅಳೆಯುವ ಸರ್ವಸಮ್ಮತ ವಿಧಾನ. ಪ್ರಬಂಧಗಳು ಇಂದಿಗೂ ಅಂತರವನ್ನು ಹೇಳುತ್ತವೆ, ಅಂತರಕ್ಕೆ ಹೊರಗುಳಿದವರನ್ನು ವಿರಳವಾಗಿ ಎಣಿಸುತ್ತವೆ. ಎರಡನೆಯದು, ದ್ವಿಭಾಷೆಯ ಲಾಭದ ಕಾರಣ. ಭಾಷೆಗಳ ನಡುವೆ ಓಡಾಡುವ ಅಭ್ಯಾಸ ಮಿದುಳನ್ನು ಕಾಯುತ್ತದೆಯೇ, ಅಥವಾ ಎರಡು ಭಾಷೆ ಕಲಿಯುವಂಥ ಬದುಕಿನಲ್ಲಿ ಬೇರೇನೋ ಕಾಯುತ್ತದೆಯೇ? ಆಸ್ಪತ್ರೆಗೆ ಬಾರದ ಹಳ್ಳಿಗರನ್ನು, ಬಹುಭಾಷೆಯೇ ವಾಡಿಕೆಯಾದ ಇಂಥ ತಾಲ್ಲೂಕುಗಳಲ್ಲಿ, ವರ್ಷಗಟ್ಟಲೆ ಹಿಂಬಾಲಿಸದೆ ಇದು ಬಗೆಹರಿಯದು. ಮೂರನೆಯದು ಡಿಲ್ಟೈ ಎತ್ತಿದ್ದು: ಮನುಷ್ಯ ಕಾರಣದಿಂದಲ್ಲದೆ ಉದ್ದೇಶದಿಂದಲೂ ನಡೆಯುತ್ತಾನಾದರೆ, ಎಷ್ಟೇ ಅಳತೆ ತೆಗೆದರೂ ನಿಯಮಕ್ಕೆ ನಿಲುಕದ ಉಳಿಕೆ ಇರುತ್ತದೆಯೇ? ಪ್ರತಿ ದಿನದ ಪ್ರತಿ ಗಂಟೆಯ ದತ್ತಾಂಶ ಸಿಕ್ಕರೂ ಈ ಪ್ರಶ್ನೆ ಕರಗುವ ಲಕ್ಷಣವಿಲ್ಲ.

ನಾಲ್ಕನೆಯದು ಖರ್ಚಿನದು, ಅದಕ್ಕೇ ಸಿದ್ಧಾಂತಿಗಳು ಅದನ್ನು ಕಡಿಮೆ ಮಾತಾಡುತ್ತಾರೆ. ಒಬ್ಬರನ್ನು ಸರಿಯಾಗಿ ಅರಿಯಲು ಹೊತ್ತು ಬೇಕು, ಅವರ ಭಾಷೆ ಬಲ್ಲವರು ಬೇಕು, ಮತ್ತೆ ಮತ್ತೆ ಭೇಟಿಯಾಗಬೇಕು. ಒಬ್ಬೊಬ್ಬರ ಮಾದರಿ ಕಟ್ಟುವ ಹೊಸ ವಿಜ್ಞಾನ ಮೊದಲು ಫೋನು, ಬಿಡುವು, ಸಿದ್ಧವಾದ ಪರೀಕ್ಷೆ ಇರುವವರಿಗೆ ಸಿಗುತ್ತದೆ. ಸರಾಸರಿಗಳು ಯಾರನ್ನು ಕೈಬಿಟ್ಟವೋ ಅವರನ್ನೇ ಇದೂ ಕಡೆಗೆ ಮುಟ್ಟುವುದಾದರೆ, ವ್ಯಕ್ತಿಪಂಥ ಗೆದ್ದರೂ ನಾರಾಯಣಖೇಡದ ಪಾಲಿಗೆ ಏನೂ ಬದಲಾಗುವುದಿಲ್ಲ. ಆ ಹೊತ್ತನ್ನೂ ಆ ಭಾಷೆಯವರನ್ನೂ ಯಾರು ಒದಗಿಸಬೇಕು ಎಂಬುದನ್ನು ಪ್ರಯೋಗಶಾಲೆ ತೀರ್ಮಾನಿಸಲಾರದು.